ಆಸ್ಪತ್ರೆಯಲ್ಲಿ ಸಂಗೀತ

ಆಸ್ಪತ್ರೆಯ ಹೆಬ್ಬಾಗಿಲಿನ ಬಳಿ ‘ನಿಶ್ಶಬ್ದ ವಲಯ’ ಎಂಬ ಫಲಕವನ್ನು ಕಾಣದವರು ವಿರಳ. ರೋಗಿಗೆ ನೆಮ್ಮದಿ ಬೇಕು, ನೆಮ್ಮದಿಗೆ ಮೌನ ಬೇಕು ಎಂಬುದು ಲೋಕದ ಅನುಭವ. ಭಾರತದಲ್ಲಿ 2000ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ಈ ಅನುಭವಕ್ಕೆ ಕಾನೂನಿನ ಬಲವನ್ನು ನೀಡಿವೆ. ಆಸ್ಪತ್ರೆಯ ಸುತ್ತಲಿನ 100 ಮೀಟರು ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶ ಕಲ್ಪಿಸಿ, ಅಲ್ಲಿ ಶಬ್ದವು ಹಗಲಿನಲ್ಲಿ 50 ಡೆಸಿಬಲ್, ರಾತ್ರಿಯಲ್ಲಿ 40 ಡೆಸಿಬಲ್ ಮೀರದಂತೆ ಮಿತಿಯನ್ನು ವಿಧಿಸಿವೆ. ಇಂತಹ ಸ್ಥಳದಲ್ಲಿ ಗಾಯಕನೊಬ್ಬನು ಕುಳಿತು ಹಾಡುವುದು, ವಾದಕಿಯೊಬ್ಬಳು ಪಿಟೀಲು ನುಡಿಸುವುದು ಸಲ್ಲುವ ಮಾತೇ? ರೋಗಿಗಳ ನಡುವೆ ಸಂಗೀತಕ್ಕೆ ಎಡೆಯುಂಟೇ?

ಮೊದಲ ನೋಟಕ್ಕೆ ‘ಇಲ್ಲ’ ಎಂಬುದೇ ಉತ್ತರವೆಂದು ತೋರುತ್ತದೆ. ಆದರೆ ಆ ಫಲಕವನ್ನು ದಾಟಿ ಒಳಗೆ ಹೋದವರಿಗೆ ಬೇರೊಂದು ಸಂಗತಿ ತಿಳಿಯುತ್ತದೆ. ಒಳಗೆ ಮೌನವಿಲ್ಲ. ತಳ್ಳುಗಾಡಿಯ ಚಕ್ರಗಳ ಕಿರುಗುಟ್ಟುವಿಕೆ, ತಟ್ಟೆ ಲೋಟಗಳ ಸದ್ದು, ಯಂತ್ರಗಳ ಎಚ್ಚರಿಕೆಯ ದನಿ, ಸರದಿಯಲ್ಲಿ ನಿಂತವರ ಹೆಸರನ್ನು ಕೂಗುವ ಗಂಟಲು, ಪಕ್ಕದ ಹಾಸಿಗೆಯ ನರಳಾಟ, ಇವು ಹಗಲಿರುಳೂ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ರಾತ್ರಿಯ ವೇಳೆ ವಾರ್ಡಿನೊಳಗಿನ ಶಬ್ದ 30 ಡೆಸಿಬಲ್ ಮೀರಬಾರದು. ಅದು ಹೆಚ್ಚು ಕಡಿಮೆ ಪಿಸುಮಾತಿನ ಮಟ್ಟ. ಆ ಮಿತಿಯೊಳಗೆ ನಡೆಯುವ ವಾರ್ಡುಗಳು ಲೋಕದಲ್ಲಿಯೇ ಅಪರೂಪ. ಹೀಗಾಗಿ ರೋಗಿಯು ಮೌನದ ನಡುವೆ ಮಲಗಿಲ್ಲ, ಸದ್ದಿನ ನಡುವೆ ಮಲಗಿದ್ದಾನೆ. ಆ ಸದ್ದುಗಳಲ್ಲಿ ಒಂದಾದರೂ ಅವನು ಕೇಳಿ ಸಂತೋಷಪಡಲಿ ಎಂದು ಹುಟ್ಟಿದ್ದಲ್ಲ. ಆದಕಾರಣ ಆಸ್ಪತ್ರೆಯಲ್ಲಿ ಶಬ್ದವಿರಬೇಕೇ ಬೇಡವೇ ಎಂದು ಕೇಳಿ ಪ್ರಯೋಜನವಿಲ್ಲ. ಯಾವ ಶಬ್ದ ನೋಯಿಸುತ್ತದೆ, ಯಾವ ಶಬ್ದ ಸಂತೈಸುತ್ತದೆ ಎಂದು ಕೇಳಬೇಕು.

ಈ ಭೇದವನ್ನು ಬಹು ಹಿಂದೆಯೇ ಸ್ಪಷ್ಟವಾಗಿ ಗುರುತಿಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬರು. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ವಿಖ್ಯಾತರಾದ ಈ ಮಹಿಳೆ 1859ರಲ್ಲಿ ಶುಶ್ರೂಷೆಯನ್ನು ಕುರಿತು ಒಂದು ಪುಸ್ತಕವನ್ನು ಬರೆದರು. ಅನಾವಶ್ಯಕವಾದ ಸದ್ದು ರೋಗಿಯ ಮೇಲೆ ಎಸಗುವ ಕ್ರೌರ್ಯವೆಂಬುದು ಅವರ ದೃಢವಾದ ನಿಲುವು. ಬಾಗಿಲಾಚೆ ನಿಂತು ಬಂಧುಗಳೂ ವೈದ್ಯರೂ ಪಿಸುಗುಟ್ಟುವುದನ್ನು ಸಹ ಅವರು ಖಂಡಿಸಿದರು. ಮಾತು ತನ್ನನ್ನೇ ಕುರಿತದ್ದೆಂದು ರೋಗಿಗೆ ಗೊತ್ತು, ಏನೆಂದು ಕೇಳಿಸುವುದಿಲ್ಲ, ಕಿವಿಯನ್ನು ಅತ್ತ ಒಡ್ಡಿ ಒಡ್ಡಿ ಅವನ ಮನಸ್ಸು ದಣಿಯುತ್ತದೆ. ಅದೇ ಪುಸ್ತಕದಲ್ಲಿ ಅವರು ಸಂಗೀತದ ವಿಷಯವನ್ನೂ ಎತ್ತಿದ್ದಾರೆ. ಮನುಷ್ಯನ ಕಂಠ, ಊದುವ ವಾದ್ಯ, ಎಳೆ ಕಡಿಯದ ನಾದವನ್ನು ಹೊರಡಿಸಬಲ್ಲ ತಂತಿವಾದ್ಯ ಇವು ರೋಗಿಗೆ ಹಿತವೆಂದೂ, ಪಿಯಾನೊದಂತೆ ಬಿಡಿಬಿಡಿಯಾಗಿ ಸ್ವರ ಬೀಳುವ ವಾದ್ಯ ಹಿತವಲ್ಲವೆಂದೂ ಅವರು ಅಭಿಪ್ರಾಯಪಟ್ಟರು. ಸಂಗೀತವನ್ನು ಎಲ್ಲ ರೋಗಿಗಳಿಗೂ ಒದಗಿಸುವುದು ವೆಚ್ಚದ ಕಾರಣದಿಂದ ಆಗದ ಕೆಲಸವೆಂದು ಅವರೇ ಒಪ್ಪಿಕೊಂಡರು. ಸದ್ದಿನ ಪರಮ ವೈರಿಯಾದವರೇ ಸಂಗೀತದ ಪರವಾಗಿ ನುಡಿದರೆಂಬುದು ಇಲ್ಲಿ ಗಮನಾರ್ಹ.

ಆಸ್ಪತ್ರೆಯಲ್ಲಿ ಸಂಗೀತವೆಂಬುದು ಹೊಸ ಕಾಲದ ಷೋಕಿಯೆಂದು ಕೆಲವರು ತಿಳಿಯುವುದುಂಟು. ಚರಿತ್ರೆ ಅದನ್ನು ಅಲ್ಲಗಳೆಯುತ್ತದೆ. ತುರ್ಕಿ ದೇಶದ ಎದಿರ್ನೆ ನಗರದಲ್ಲಿ ಸುಲ್ತಾನ ಎರಡನೆಯ ಬಾಯೆಜಿದ್ ಕಟ್ಟಿಸಿದ ಆಸ್ಪತ್ರೆಯೊಂದು ಇಂದಿಗೂ ನಿಂತಿದೆ. ಅದು 1488ರಲ್ಲಿ ಪೂರ್ಣಗೊಂಡಿತು. ಗುಮ್ಮಟದ ಕೆಳಗೆ ಆರು ಮೂಲೆಗಳ ವಿಶಾಲವಾದ ಅಂಗಣ, ಅದರ ನಡುವೆ ಒಂದು ಕಾರಂಜಿ, ಸುತ್ತಲೂ ರೋಗಿಗಳ ಕೋಣೆಗಳು. 17ನೆಯ ಶತಮಾನದಲ್ಲಿ ಆ ನಗರಕ್ಕೆ ಬಂದ ಎವ್ಲಿಯಾ ಚೆಲೆಬಿ ಎಂಬ ಪ್ರವಾಸಿ ತಾನು ಕಂಡದ್ದನ್ನು ಬರೆದಿಟ್ಟಿದ್ದಾನೆ. ಗಾಯಕರೂ ವಾದಕರೂ ಸೇರಿ ಹತ್ತು ಮಂದಿ ಕಲಾವಿದರನ್ನು ಆಸ್ಪತ್ರೆಗೆ ನೇಮಿಸಲಾಗಿತ್ತೆಂದೂ, ಅವರು ವಾರಕ್ಕೆ ಮೂರು ಬಾರಿ ರೋಗಿಗಳಿಗಾಗಿ, ಅದರಲ್ಲಿಯೂ ಚಿತ್ತಸ್ವಾಸ್ಥ್ಯ ಕೆಟ್ಟವರಿಗಾಗಿ, ಹಾಡಿ ನುಡಿಸುತ್ತಿದ್ದರೆಂದೂ ಅವನ ಬರಹದಿಂದ ತಿಳಿದುಬರುತ್ತದೆ. ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಬಿಗಿಯುವುದು ಅನೇಕ ದೇಶಗಳಲ್ಲಿ ವಾಡಿಕೆಯಾಗಿದ್ದ ಕಾಲದಲ್ಲಿ ಇಲ್ಲಿ ಅವರಿಗೆ ನೀರಿನ ಸದ್ದೂ ಹೂವಿನ ಕಂಪೂ ಹಾಡಿನ ಇಂಪೂ ದೊರೆಯುತ್ತಿದ್ದವು. ಆ ಕಟ್ಟಡವೀಗ ವೈದ್ಯಕೀಯ ಚರಿತ್ರೆಯ ವಸ್ತುಸಂಗ್ರಹಾಲಯವಾಗಿದೆ. ಎವ್ಲಿಯಾನ ವರ್ಣನೆಯಲ್ಲಿ ಸಂಗೀತವು ಯಾರೋ ಒಮ್ಮೆ ಬಂದು ಹೋಗುವ ಉಪಕಾರವಾಗಿರಲಿಲ್ಲ. ಆಸ್ಪತ್ರೆಯ ನಿತ್ಯದ ವ್ಯವಸ್ಥೆಯ ಒಂದು ಅಂಗವಾಗಿತ್ತು.

20ನೆಯ ಶತಮಾನದಲ್ಲಿ ಈ ಹಳೆಯ ಪದ್ಧತಿ ಹೊಸ ರೂಪದಲ್ಲಿ ಮರಳಿತು. ಎರಡು ಮಹಾಯುದ್ಧಗಳ ಗಾಯಾಳುಗಳಿಂದ ತುಂಬಿದ ಆಸ್ಪತ್ರೆಗಳಿಗೆ ಸಂಗೀತಗಾರರು ಹೋಗತೊಡಗಿದರು. ಇಂಗ್ಲೆಂಡಿನಲ್ಲಿ 1948ರಿಂದಲೇ ಆಸ್ಪತ್ರೆಗಳಿಗೆ ಸಂಗೀತವನ್ನು ಒಯ್ಯುವ ಸಂಸ್ಥೆಯೊಂದು ಕೆಲಸ ಮಾಡುತ್ತ ಬಂದಿದೆ. ಜಗದ್ವಿಖ್ಯಾತ ಪಿಟೀಲುವಾದಕ ಯೆಹೂದಿ ಮೆನುಹಿನ್ ಯುದ್ಧಕಾಲದಲ್ಲಿ ಸೈನಿಕರಿಗಾಗಿ ನೂರಾರು ಕಚೇರಿಗಳನ್ನು ನಡೆಸಿದರು. 1945ರ ಜುಲೈ ತಿಂಗಳಿನಲ್ಲಿ ಅವರು ಸಂಗೀತರಚಕ ಬೆಂಜಮಿನ್ ಬ್ರಿಟನ್ನರೊಡನೆ ಜರ್ಮನಿಯ ಬೆಲ್ಸೆನ್ನಿಗೆ ಹೋದರು. ನಾಜಿಗಳ ಬಂಧನ ಶಿಬಿರದಿಂದ ಕೆಲವೇ ತಿಂಗಳುಗಳ ಹಿಂದೆ ಬಿಡುಗಡೆ ಹೊಂದಿದ್ದ, ಹಸಿವಿನಿಂದಲೂ ರೋಗದಿಂದಲೂ ಕಂಗೆಟ್ಟಿದ್ದ ಜನರ ಮುಂದೆ ಇಬ್ಬರೂ ನುಡಿಸಿದರು. 1977ರಲ್ಲಿ ಮೆನುಹಿನ್ ‘ಲೈವ್ ಮ್ಯೂಸಿಕ್ ನೌ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಯುವ ಕಲಾವಿದರಿಗೆ ತಕ್ಕ ತರಬೇತಿಯನ್ನೂ ಸಂಭಾವನೆಯನ್ನೂ ನೀಡಿ, ಸಭಾಂಗಣಕ್ಕೆ ಬರಲಾರದವರ ಬಳಿಗೆ, ಅಂದರೆ ಆಸ್ಪತ್ರೆಗೆ, ವೃದ್ಧರ ಆಶ್ರಯಕ್ಕೆ, ವಿಶೇಷ ಮಕ್ಕಳ ಶಾಲೆಗೆ ಅವರನ್ನು ಕಳುಹಿಸುವುದು ಅದರ ಉದ್ದೇಶ. ಈ ಮೆನುಹಿನ್ನರಿಗೆ ಯೋಗವನ್ನು ಕಲಿಸಿದವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಎಂಬುದನ್ನು ಕನ್ನಡಿಗರು ನೆನೆಯಬಹುದು.

ಇಷ್ಟನ್ನು ಕೇಳಿದೊಡನೆ ಉತ್ಸಾಹಿಗಳು ಇನ್ನೊಂದು ತುದಿಗೆ ಹಾರುತ್ತಾರೆ. ಸಂಗೀತದಿಂದ ರೋಗಗಳೇ ವಾಸಿಯಾಗುತ್ತವೆ, ಇಂತಹ ರಾಗ ಇಂತಹ ಕಾಯಿಲೆಗೆ ಮದ್ದು ಎಂದು ಪಟ್ಟಿಯನ್ನೇ ಮುಂದಿಡುತ್ತಾರೆ. ಮುತ್ತುಸ್ವಾಮಿ ದೀಕ್ಷಿತರು ಹೊಟ್ಟೆಯ ಬೇನೆಯಿಂದ ನರಳುತ್ತಿದ್ದ ಶಿಷ್ಯನಿಗಾಗಿ ಅಠಾಣ ರಾಗದಲ್ಲಿ ಗುರುಗ್ರಹದ ಕೃತಿಯನ್ನು ರಚಿಸಿದರೆಂಬ ಐತಿಹ್ಯ ಕರ್ನಾಟಕ ಸಂಗೀತದ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಗುರುವಿನ ಕರುಣೆಗೆ ಆ ಕಥೆ ನಿದರ್ಶನವಾಗಿ ಶೋಭಿಸುತ್ತದೆ. ವೈದ್ಯಶಾಸ್ತ್ರದ ಸಾಕ್ಷ್ಯವಾಗಿ ಅದನ್ನು ಬಳಸಲಾಗದು. ರಾಗವನ್ನು ನಂಬಿ ರಕ್ತದೊತ್ತಡದ ಮಾತ್ರೆಯನ್ನು ಬಿಟ್ಟವನು ಸಂಗೀತದ ಭಕ್ತನಾಗುವುದಿಲ್ಲ, ತನ್ನ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುತ್ತಾನೆ. ತರಬೇತಿ ಪಡೆದ ತಜ್ಞರು ವೈದ್ಯರ ಜೊತೆಗೂಡಿ ನಡೆಸುವ ಸಂಗೀತ ಚಿಕಿತ್ಸೆ ಎಂಬ ಬೇರೆಯೇ ಒಂದು ವಿದ್ಯೆಯುಂಟು. ಅಮೆರಿಕದಲ್ಲಿ 1950ರಲ್ಲಿಯೇ ಅದಕ್ಕೊಂದು ರಾಷ್ಟ್ರೀಯ ಸಂಘ ಸ್ಥಾಪಿತವಾಯಿತು. ಆ ವಿದ್ಯೆಯಲ್ಲಿ ಪ್ರತಿ ರೋಗಿಗೂ ಗುರಿಯಿದೆ, ಅಳತೆಯಿದೆ, ದಾಖಲೆಯಿದೆ. ವಾರ್ಡಿಗೆ ಬಂದು ಅರ್ಧ ಗಂಟೆ ಹಾಡಿ ಹೋಗುವ ಗಾಯಕನು ಚಿಕಿತ್ಸಕನಲ್ಲ. ಹಾಗೆಂದು ಹೇಳಿಕೊಳ್ಳಲೂ ಬಾರದು.

ಹಾಗಾದರೆ ಅವನ ಹಾಡಿನಿಂದ ಆಗುವುದೇನು? ವಿಜ್ಞಾನ ಈ ಬಗೆಗೆ ತನ್ನ ಎಂದಿನ ಎಚ್ಚರಿಕೆಯಿಂದ ಮಾತನಾಡುತ್ತದೆ. 2015ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಸಂಗೀತವನ್ನು ಕೇಳಿಸಿ ನಡೆಸಿದ ಎಪ್ಪತ್ತಕ್ಕೂ ಹೆಚ್ಚು ಪ್ರಯೋಗಗಳನ್ನು ಅದರಲ್ಲಿ ಒಟ್ಟಾಗಿ ಪರಿಶೀಲಿಸಲಾಗಿತ್ತು. ಸಂಗೀತ ಕೇಳಿದವರಲ್ಲಿ ನೋವೂ ಆತಂಕವೂ ಕಡಿಮೆಯಾಗಿದ್ದವು. ನೋವು ನಿವಾರಕ ಔಷಧದ ಬೇಡಿಕೆಯೂ ಇಳಿದಿತ್ತು. ಆದರೆ ಅವರು ಆಸ್ಪತ್ರೆಯಲ್ಲಿ ಇರಬೇಕಾದ ದಿನಗಳು ಕಡಿಮೆಯಾಗಲಿಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ನೆನಪಿಡಬೇಕು. ಸಂಗೀತವು ಗಾಯವನ್ನು ಬೇಗ ಮಾಯಿಸಲಿಲ್ಲ. ಗಾಯ ಮಾಯುವ ತನಕದ ಹೊತ್ತನ್ನು ಸಹ್ಯವಾಗಿಸಿತು. ಭಯವು ನೋವನ್ನು ಇಮ್ಮಡಿಗೊಳಿಸುತ್ತದೆಂಬುದು ಎಲ್ಲರ ಅನುಭವ. ಹಲ್ಲು ಕೀಳಿಸಿಕೊಳ್ಳಲು ಕುಳಿತವನಿಗೆ ಇಕ್ಕಳ ಬಾಯಿಗೆ ತಗಲುವ ಮೊದಲೇ ನೋವು ಆರಂಭವಾಗಿರುತ್ತದೆ. ಮನಸ್ಸು ಇನ್ನೊಂದೆಡೆ ನೆಲೆಗೊಂಡಾಗ ಉಸಿರು ನಿಧಾನವಾಗುತ್ತದೆ, ಬಿಗಿದ ಸ್ನಾಯುಗಳು ಸಡಿಲವಾಗುತ್ತವೆ, ನೋವಿನ ಮೊನೆ ಮೊಂಡಾಗುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಆ ಪ್ರಯೋಗಗಳಲ್ಲಿ ಬಹುಪಾಲು ಮುದ್ರಿತ ಸಂಗೀತವನ್ನೇ ಬಳಸಲಾಗಿತ್ತು. ಕಿವಿಗೆ ಸಿಕ್ಕಿಸಿಕೊಳ್ಳುವ ಅಗ್ಗದ ಯಂತ್ರವೊಂದು ಸಾಕಾಗಿರುವಾಗ ಕಲಾವಿದನನ್ನು ಏಕೆ ಕರೆತರಬೇಕು? ಯಂತ್ರಕ್ಕೆ ಅದರದೇ ಆದ ಬೆಲೆಯುಂಟು. ನಡುರಾತ್ರಿ ನಿದ್ರೆ ಬಾರದವನಿಗೆ ಅದೇ ಗತಿ. ಆದರೆ ಯಂತ್ರಕ್ಕೆ ಕೇಳುಗನ ಮುಖ ಕಾಣುವುದಿಲ್ಲ. ರೋಗಿ ಕಣ್ಣು ಮುಚ್ಚಿದನೆಂದು ಅದು ದನಿ ತಗ್ಗಿಸದು. ಅವನ ಕಣ್ಣಲ್ಲಿ ನೀರಾಡಿತೆಂದು ಹಾಡನ್ನು ಬದಲಿಸದು. ಎದುರಿಗೆ ಕುಳಿತ ಮನುಷ್ಯ ಇದೆಲ್ಲವನ್ನೂ ಮಾಡಬಲ್ಲ. ಅಮೆರಿಕದ 11 ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ 272 ಶಿಶುಗಳನ್ನು ಕುರಿತು ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅಲ್ಲಿ ಯಂತ್ರವನ್ನು ಬಳಸಲಿಲ್ಲ. ಶಿಶುವಿನ ಉಸಿರಾಟವನ್ನೂ ಎದೆಬಡಿತವನ್ನೂ ನೋಡಿಕೊಂಡು ಅದಕ್ಕೆ ಹೊಂದುವಂತೆ ಪಕ್ಕದಲ್ಲಿಯೇ ನಾದವನ್ನು ಹೊರಡಿಸಲಾಯಿತು. ತಂದೆತಾಯಿಗಳು ಆರಿಸಿಕೊಂಡ ಹಾಡನ್ನು ಜೋಗುಳವಾಗಿ ಹಾಡಲಾಯಿತು. ಜೋಗುಳಕ್ಕೆ ಶಿಶುಗಳ ಎದೆಬಡಿತ ಶಾಂತವಾಯಿತು. ತಂದೆತಾಯಿಗಳ ಆತಂಕವೂ ಇಳಿಯಿತು. ತೊಟ್ಟಿಲು ತೂಗುವ ತಾಯಂದಿರು ತಲೆಮಾರುಗಳಿಂದ ಬಲ್ಲ ಸಂಗತಿಯನ್ನು ಅಳತೆಗೋಲು ಸಹ ಒಪ್ಪಿಕೊಂಡಂತಾಯಿತು.

ಆದರೆ ಎದೆಬಡಿತದ ಲೆಕ್ಕಕ್ಕಿಂತ ಮಿಗಿಲಾದ ಸಂಗತಿಯೊಂದು ಇಲ್ಲಿದೆ. ಆಸ್ಪತ್ರೆಗೆ ಸೇರಿದ ದಿನ ಮನುಷ್ಯನು ತನ್ನ ಉಡುಪಿನೊಡನೆ ಇನ್ನೂ ಹಲವನ್ನು ಕಳಚಿಡುತ್ತಾನೆ. ಊರಿನಲ್ಲಿ ಅವನು ಹತ್ತು ಜನಕ್ಕೆ ಬುದ್ಧಿ ಹೇಳುವ ಹಿರಿಯನಾಗಿರಬಹುದು. ಅವಳು ಮನೆಯನ್ನೆಲ್ಲ ನಡೆಸುವ ಯಜಮಾನಿತಿಯಾಗಿರಬಹುದು. ಇಲ್ಲಿ ಅವನು ಹಾಸಿಗೆಯ ಒಂದು ಸಂಖ್ಯೆ; ಅವಳು ಕಡತದಲ್ಲಿನ ಒಂದು ಕಾಯಿಲೆಯ ಹೆಸರು. ಯಾವಾಗ ಏಳಬೇಕು, ಏನನ್ನು ತಿನ್ನಬೇಕು, ಯಾವ ತೋಳಿಗೆ ಸೂಜಿ ಚುಚ್ಚಬೇಕು, ಬಂಧುಗಳು ಯಾವ ಹೊತ್ತಿಗೆ ಬರಬೇಕು, ಇವೆಲ್ಲವನ್ನೂ ಬೇರೆಯವರು ನಿರ್ಧರಿಸುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ; ನೂರಾರು ಜನರನ್ನು ಉಳಿಸಬೇಕಾದ ವ್ಯವಸ್ಥೆ ಬಹುಮಟ್ಟಿಗೆ ಹಾಗೆಯೇ ನಡೆಯಬೇಕು. ಆದರೂ ದಿನಗಳು ಉರುಳಿದಂತೆ ರೋಗಿಗೆ ತಾನು ಮನುಷ್ಯನೆಂಬುದೇ ಮರೆಯುತ್ತ ಬರುತ್ತದೆ. ಅಂತಹವನ ಹಾಸಿಗೆಯ ಬಳಿಗೆ ಬಂದ ಕಲಾವಿದನು ಮೊದಲು ಕೇಳುವ ಮಾತು, “ಹಾಡಬಹುದೇ? ಯಾವ ಹಾಡು ಇಷ್ಟ?” ಎಂಬುದು. ಆ ದಿನವೆಲ್ಲ ಅವನ ನೋವನ್ನು ವಿಚಾರಿಸಿದವರಿದ್ದಾರೆ. ಅವನ ಇಷ್ಟವನ್ನು ವಿಚಾರಿಸಿದವರು ಇವರೇ ಮೊದಲಿಗರು. ರೋಗಿ ‘ಬೇಡ’ ಎನ್ನಬಹುದು. ಆಸ್ಪತ್ರೆಯಲ್ಲಿ ಅವನು ಅಳುಕಿಲ್ಲದೆ ‘ಬೇಡ’ ಎನ್ನಬಹುದಾದ ಕೆಲವೇ ಸಂಗತಿಗಳಲ್ಲಿ ಇದು ಒಂದು. ಹಾಡಿ ಎಂದರೂ ಬೇಡವೆಂದರೂ ಆ ಕ್ಷಣದಲ್ಲಿ ಅವನು ಮರಳಿ ತನ್ನ ಮಾತಿಗೆ ತಾನೇ ಒಡೆಯನಾಗುತ್ತಾನೆ. ಆಸ್ಪತ್ರೆಯ ಸಂಗೀತದ ನಿಜವಾದ ಹಿರಿಮೆ ಇದರಲ್ಲಿದೆ.

ಈ ಮಾತು ರೋಗಿಗೆ ಮಾತ್ರ ಅನ್ವಯಿಸುವುದಿಲ್ಲ. ರೋಗಿ ವಾಸಿಯಾಗಿಯೋ ಆಗದೆಯೋ ಒಂದು ದಿನ ಹೊರಡುತ್ತಾನೆ. ನರ್ಸು, ಆಯಾ, ಕಸ ಗುಡಿಸುವ ಕೆಲಸಗಾರ, ಶವವನ್ನು ಸಾಗಿಸುವ ಸಿಬ್ಬಂದಿ ಇವರು ಅಲ್ಲಿಯೇ ಉಳಿಯುತ್ತಾರೆ. ಒಂದು ಹಾಸಿಗೆಯ ಸಾವನ್ನು ನೋಡಿ, ಕೈ ತೊಳೆದು, ಮುಂದಿನ ಹಾಸಿಗೆಯ ಬಳಿ ನಗುಮುಖದಿಂದ ನಿಲ್ಲಬೇಕಾದವರು ಅವರು. 2020ರಲ್ಲಿ ಕೋವಿಡ್ ಮಹಾಮಾರಿ ಬಂದಾಗ ಅವರ ಹೊರೆ ಎಷ್ಟೆಂಬುದನ್ನು ಲೋಕವೆಲ್ಲ ಕಂಡಿತು. ಬಂಧುಗಳಿಗೂ ಪ್ರವೇಶವಿಲ್ಲದಿದ್ದ ಆ ದಿನಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಕಲಾವಿದರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ದೂರವಾಣಿಯ ಮೂಲಕ ಆಸ್ಪತ್ರೆಯ ಒಬ್ಬೊಬ್ಬ ರೋಗಿಗಾಗಿಯೂ ನುಡಿಸಿದ್ದುಂಟು. ರೋಗಿಯ ಕಿವಿಯ ಬಳಿ ದೂರವಾಣಿಯನ್ನು ಹಿಡಿದವರೂ ಆ ಸಂಗೀತಕ್ಕೆ ಕೇಳುಗರಾದರು. ಕನ್ನಡ ನಾಡಿನ ಹೆಣ್ಣುಮಕ್ಕಳಿಗೆ ಈ ತತ್ತ್ವ ಹೊಸದಲ್ಲ. ಕೋಳಿ ಕೂಗುವ ಮೊದಲೆದ್ದು ಬೀಸುಕಲ್ಲಿನ ಮುಂದೆ ಕುಳಿತವರು ಹಾಡಿಕೊಂಡೇ ಬೀಸುತ್ತಿದ್ದರು. ಹಾಡಿನಿಂದ ಕಲ್ಲಿನ ಭಾರ ಒಂದು ಗುಂಜಿಯಷ್ಟೂ ಇಳಿಯಲಿಲ್ಲ, ರಾಗಿಯ ರಾಶಿಯೂ ಕರಗಲಿಲ್ಲ. ತಿರುಗಿಸುವ ತೋಳಿಗೆ ಮಾತ್ರ ಕಸುವು ಬಂದಿತು. ಆಸ್ಪತ್ರೆಯ ಸಿಬ್ಬಂದಿಗೂ ಸಂಗೀತದಿಂದ ದೊರೆಯುವುದು ಅಂತಹದೇ ಕಸುವು. ಆದರೆ ಒಂದು ಮಾತು: ಕೊರತೆಯಾದ ಸಿಬ್ಬಂದಿಯನ್ನು ನೇಮಿಸದೆ, ಸಲ್ಲಬೇಕಾದ ಸಂಬಳವನ್ನು ಸಲ್ಲಿಸದೆ, ಅದರ ಬದಲಿಗೆ ಹಾಡು ಕೇಳಿಸುವ ಆಡಳಿತವು ಸಂಗೀತವನ್ನೂ ಸಿಬ್ಬಂದಿಯನ್ನೂ ಏಕಕಾಲಕ್ಕೆ ಅವಮಾನಿಸುತ್ತದೆ.

ಇನ್ನು ಹಣದ ಪ್ರಶ್ನೆ. ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೆ ಮಲಗುವ ಆಸ್ಪತ್ರೆಗಳಿವೆ; ಔಷಧಕ್ಕಾಗಿ ಹೊರಗಿನ ಅಂಗಡಿಗೆ ಚೀಟಿ ಹಿಡಿದು ಓಡಬೇಕಾದ ಬಡವರಿದ್ದಾರೆ. ಅಂತಹ ಕಡೆ ಸಂಗೀತಕ್ಕೆ ಹಣ ಖರ್ಚು ಮಾಡುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ ಎಂದು ಯಾರಾದರೂ ಹೇಳಿದರೆ ಅದನ್ನು ಲಘುವಾಗಿ ತಳ್ಳಿಹಾಕಲಾಗದು. ಮದ್ದಿಗೂ ಹಾಡಿಗೂ ನಡುವೆ ಒಂದನ್ನೇ ಆರಿಸಬೇಕಾದರೆ ಮದ್ದನ್ನೇ ಆರಿಸಬೇಕು. ಆದರೆ ಅಂತಹ ಕಠಿಣವಾದ ಆಯ್ಕೆ ನಿತ್ಯವೂ ಎದುರಾಗುವುದಿಲ್ಲ. ನೈಟಿಂಗೇಲರ ಕಾಲದಲ್ಲಿ ದುಬಾರಿಯಾಗಿದ್ದ ಸಂಗೀತ ಇಂದು ಅಷ್ಟು ದುಬಾರಿಯಲ್ಲ. ಒಂದು ಕೊಳಲು, ಒಂದು ಕಂಠ, ವಾರಕ್ಕೆ ಒಂದು ಗಂಟೆ, ಇಷ್ಟಕ್ಕೆ ತಗಲುವ ಸಂಭಾವನೆ ಆಸ್ಪತ್ರೆಯ ಕಟ್ಟಡಕ್ಕೆ ಬಳಿಯುವ ಸುಣ್ಣಬಣ್ಣದ ಮುಂದೆ ಅಲ್ಪವೇ ಸರಿ. ಮೇಲಾಗಿ ಮಲ್ಲಿಗೆಯ ಗಾದೆಯನ್ನು ಸಾಮಾನ್ಯವಾಗಿ ಬಡವರ ಮುಂದೆಯೇ ಹೇಳಲಾಗುತ್ತದೆ. ಹಣವುಳ್ಳವರ ಆಸ್ಪತ್ರೆಯಲ್ಲಿ ಹೂಕುಂಡವೂ ಚಿತ್ರಪಟವೂ ಹಿತವಾದ ಬೆಳಕೂ ಇರುವಾಗ ಅದನ್ನು ಯಾರೂ ಆಡಂಬರವೆನ್ನುವುದಿಲ್ಲ. ನೋವಿನಲ್ಲಿರುವವರಿಗೆ ಸೌಂದರ್ಯ ಬೇಕೆಂಬುದು ನಿಜವಾದರೆ ಅದು ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೂ ನಿಜವಾಗಬೇಕು.

ಸಂಗೀತವನ್ನು ಒಪ್ಪಿದ ಮೇಲೆ ಅದು ಹೇಗಿರಬೇಕೆಂಬುದನ್ನೂ ನಿಷ್ಠುರವಾಗಿ ಹೇಳಬೇಕಾಗುತ್ತದೆ. ಆಸ್ಪತ್ರೆಯ ಸಂಗೀತ ಕಚೇರಿಯಲ್ಲ, ಉತ್ಸವವಂತೂ ಅಲ್ಲವೇ ಅಲ್ಲ. ಕಚೇರಿಯಲ್ಲಿ ಬೇಸರಗೊಂಡವನು ಎದ್ದು ಹೋಗಬಲ್ಲ; ಸಲೈನಿನ ನಳಿಗೆ ಚುಚ್ಚಿಸಿಕೊಂಡು ಮಲಗಿದವನು ಎದ್ದು ಹೋಗಲಾರ. ಆದುದರಿಂದ ಅವನ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಒಬ್ಬನು ಹಾಡು ಬೇಕೆಂದು, ಪಕ್ಕದವನು ಬೇಡವೆಂದಾಗ ಬೇಡವೆಂದವನ ಮಾತೇ ನಡೆಯಬೇಕು. ಬೇಕೆಂದವನಿಗೆ ಹಜಾರದಲ್ಲಿಯೋ ಮರದ ನೆರಳಿನಲ್ಲಿಯೋ ಅವಕಾಶ ಮಾಡಿಕೊಡಬಹುದು. ಧ್ವನಿವರ್ಧಕ ಕೂಡದು. ನಾಗಸ್ವರವೂ ತಮಟೆಯೂ ಬಯಲಿಗೂ ಮೆರವಣಿಗೆಗೂ ಹೇಳಿಸಿದ ವಾದ್ಯಗಳು. ಅಲ್ಲಿ ಅವುಗಳಿಗೆ ಸಮನಾದುವಿಲ್ಲ. ಹಾಸಿಗೆಯ ಬದಿಗೆ ಒಪ್ಪುವುವು ಕೊಳಲು, ವೀಣೆ, ಮೆಲ್ಲಗೆ ನುಡಿಸಿದ ಪಿಟೀಲು, ಏಕತಾರಿ, ಇವೆಲ್ಲಕ್ಕಿಂತ ಮಿಗಿಲಾಗಿ ಬರಿಯ ಕಂಠ. ತೀವ್ರ ನಿಗಾ ಘಟಕದಲ್ಲಿಯೂ ಸೋಂಕಿನ ಭಯವಿರುವ ಕಡೆಯಲ್ಲಿಯೂ ವೈದ್ಯರ ಮಾತೇ ಅಂತಿಮವಾಗಬೇಕು. ಕಲಾವಿದನ ಕೈಗಳೂ ವಾದ್ಯವೂ ಸ್ವಚ್ಛವಾಗಿರಬೇಕು. ಶಬ್ದಮಾಲಿನ್ಯದ ನಿಯಮಗಳು ನಿಶ್ಶಬ್ದ ವಲಯದಲ್ಲಿ ಸಂಗೀತಕ್ಕೂ ಧ್ವನಿವರ್ಧಕಕ್ಕೂ ನಿರ್ಬಂಧ ಹಾಕಿರುವುದರಿಂದ ಆಸ್ಪತ್ರೆಯ ಆಡಳಿತವು ನಿಯಮವನ್ನರಿತು, ತಕ್ಕ ಅನುಮತಿಯೊಡನೆ ಇದನ್ನು ನಡೆಸಬೇಕು. ಆ ನಿಯಮಗಳು ಹುಟ್ಟಿದ್ದು ರೋಗಿಯ ರಕ್ಷಣೆಗಾಗಿ. ಗೋಡೆಯಾಚೆಗೆ ಕೇಳಿಸದ ಹಾಡು, ರೋಗಿಯೇ ಬಯಸಿದ ಹಾಡು, ಅವುಗಳ ಆಶಯಕ್ಕೆ ವಿರೋಧವಾಗುವುದಿಲ್ಲ.

ಹಾಡಿನ ಆಯ್ಕೆಯಲ್ಲಿಯೂ ವಿವೇಕ ಅಗತ್ಯ. ಜಿಲ್ಲಾ ಆಸ್ಪತ್ರೆಯ ಒಂದೇ ಸಾಲಿನ ಹಾಸಿಗೆಗಳಲ್ಲಿ ಹಲವು ಮತಗಳವರೂ ಹಲವು ಭಾಷೆಗಳವರೂ ಮಲಗಿರುತ್ತಾರೆ. ಒಬ್ಬನಿಗೆ ದಾಸರ ಪದ ಬೇಕು, ಇನ್ನೊಬ್ಬನಿಗೆ ತತ್ತ್ವಪದ, ಮತ್ತೊಬ್ಬಳಿಗೆ ಉರ್ದು ಗಜಲು, ಮಗದೊಬ್ಬಳಿಗೆ ತಾನು ಹುಡುಗಿಯಾಗಿದ್ದಾಗ ಕೇಳಿದ ಚಲನಚಿತ್ರದ ಗೀತೆ. ಕಲಾವಿದನ ವಿದ್ವತ್ತು ಇಲ್ಲಿ ಮುಖ್ಯವಲ್ಲ, ರೋಗಿಯ ನೆನಪು ಮುಖ್ಯ. ಶಾಸ್ತ್ರೀಯ ಸಂಗೀತವೇ ಶ್ರೇಷ್ಠವೆಂಬ ಹಮ್ಮನ್ನಾಗಲಿ, ತನ್ನ ಮತದ ಹಾಡೇ ಎಲ್ಲರಿಗೂ ಹಿತವೆಂಬ ಭ್ರಮೆಯನ್ನಾಗಲಿ ಹೊತ್ತು ಬರುವವರು ಬಾಗಿಲಲ್ಲಿಯೇ ನಿಲ್ಲುವುದು ಲೇಸು. ಪ್ರಚಾರದ ಹಂಬಲದಿಂದ ಬಂದು, ರೋಗಿಯ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಹೋಗುವವರಿಗೂ ಅದೇ ಮಾತು ಸಲ್ಲುತ್ತದೆ. ನೋವಿನಲ್ಲಿರುವವನ ಮುಖ ಯಾರ ಕೀರ್ತಿಗೂ ಭಿತ್ತಿಯಾಗಬಾರದು.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಸಾಮಗ್ರಿಗೆ ಕೊರತೆಯಿಲ್ಲ. ಹಿಂದೂಸ್ತಾನಿ ಮತ್ತು ಕರ್ನಾಟಕ ಎಂಬ ಎರಡು ಸಂಗೀತ ಪದ್ಧತಿಗಳೂ ಬೇರುಬಿಟ್ಟ ನಾಡು ಇದು. ಊರೂರಿನಲ್ಲಿ ಸಂಗೀತ ಕಲಿಸುವ ಗುರುಗಳಿದ್ದಾರೆ, ಭಜನೆಯ ಮೇಳಗಳಿವೆ, ತತ್ತ್ವಪದ ಹಾಡುವ ಹಿರಿಯರಿದ್ದಾರೆ, ತಕ್ಕ ವೇದಿಕೆ ಸಿಗದ ಯುವ ಕಲಾವಿದರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಂಗೀತಕ್ಕೂ ಮೆದುಳಿಗೂ ಇರುವ ಸಂಬಂಧವನ್ನು ಕುರಿತು ಸಂಶೋಧನೆಯೂ ನಡೆದಿದೆ. ಕೊರತೆಯಿರುವುದು ಏರ್ಪಾಡಿನದು. ವರ್ಷಕ್ಕೊಮ್ಮೆ ಹಬ್ಬದ ದಿನ ಹಾಡಿ, ಹಣ್ಣು ಹಂಚಿ, ಮರುದಿನ ಮರೆಯುವ ಪದ್ಧತಿಯಿಂದ ರೋಗಿಗೆ ವಿಶೇಷ ಲಾಭವಿಲ್ಲ. ವಾರದ ಒಂದು ಗೊತ್ತಾದ ದಿನ, ಗೊತ್ತಾದ ಹೊತ್ತು, ರೋಗಿಗಳ ರೀತಿಯನ್ನು ತಿಳಿದುಕೊಂಡ ಕಲಾವಿದ, ಅವನಿಗೊಂದು ಗೌರವದ ಸಂಭಾವನೆ, ಅವನೊಡನೆ ನಿಂತು ‘ಈ ಹಾಸಿಗೆಗೆ ಇಂದು ಬೇಡ’ ಎಂದು ಹೇಳಬಲ್ಲ ಒಬ್ಬ ನರ್ಸು, ಇಷ್ಟಿದ್ದರೆ ಯಾವ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇದು ಸಾಧ್ಯ. ವಾರದ ಆ ದಿನಕ್ಕಾಗಿ ರೋಗಿ ಕಾಯತೊಡಗಿದರೆ, ಕಾಯುವಿಕೆಯೇ ಒಂದು ಲಾಭ. ಆಸ್ಪತ್ರೆಯಲ್ಲಿ ಜನರು ಸಾಮಾನ್ಯವಾಗಿ ಫಲಿತಾಂಶಕ್ಕಾಗಿ ಹೆದರುತ್ತ ಕಾಯುತ್ತಾರೆ. ಸಂತೋಷಕ್ಕಾಗಿ ಕಾಯುವುದು ಅಪರೂಪ.

ಈ ವಿಚಾರಗಳಿಂದ ತಿಳಿಯುವುದಿಷ್ಟು. ಸಂಗೀತ ಮದ್ದಲ್ಲ, ಮದ್ದಿನ ಸ್ಥಾನವನ್ನು ಅದು ಬೇಡುವುದೂ ಇಲ್ಲ. ಅದು ಆರೈಕೆಯ ಒಂದು ಭಾಗ. ಚಿಕಿತ್ಸೆಯು ರೋಗದತ್ತ ನೋಡುತ್ತದೆ. ಆರೈಕೆಯು ರೋಗಿಯತ್ತ ನೋಡುತ್ತದೆ. ಎರಡೂ ಕೂಡಿದಾಗಲೇ ಆಸ್ಪತ್ರೆಯೆಂಬ ಹೆಸರು ಸಾರ್ಥಕವಾಗುತ್ತದೆ. ವಾಸಿಯಾಗುವ ರೋಗಿಗೆ ಸಂಗೀತವು ದಾರಿಯ ಬುತ್ತಿ. ಇನ್ನು ವಾಸಿಯಾಗದವರೂ ಇರುತ್ತಾರೆ. ಅವರಿಗೆ ಕೊಡಲು ವೈದ್ಯನ ಬಳಿ ಏನೂ ಉಳಿಯದ ದಿನವೂ ಬರುತ್ತದೆ. ಆ ದಿನ ಯಾರಾದರೊಬ್ಬರು ಹಾಸಿಗೆಯ ಬಳಿ ಕುಳಿತು, ಅವರ ಇಷ್ಟದ ಹಾಡು ಯಾವುದೆಂದು ಕೇಳಿ, ಅದನ್ನು ಮೆಲುದನಿಯಲ್ಲಿ ಹಾಡಿದರೆ ಆ ಆಸ್ಪತ್ರೆ ಅವರನ್ನು ಕೊನೆಯವರೆಗೂ ಕೈಬಿಡಲಿಲ್ಲವೆಂದು ಧೈರ್ಯವಾಗಿ ಹೇಳಬಹುದು.